ಷರಾ

ಬೆಳಿಗ್ಗೆ ಆರಕ್ಕೆ ಕಟ್ಟೆ ಇಳಿಯುತ್ತೇನೆ.
ಪಾಚಿ ಹಿಡಿದ ಅಳತೆಗಲ್ಲನ್ನು ಸೆರಗಿನಲ್ಲಿ ಒರೆಸಿ
ನೀರು ಎಲ್ಲಿಗೆ ಮುಟ್ಟಿದೆ ನೋಡುತ್ತೇನೆ.
ಒಂದಡಿ ನಾಲ್ಕಂಗುಲ.
ಬರೆಯುತ್ತೇನೆ.
ಇಷ್ಟಕ್ಕೇ ಸರ್ಕಾರ ಸಂಬಳ ಕೊಡುವುದು,
ಅಪ್ಪ ಸತ್ತ ಮೇಲೆ ಅನುಕಂಪದಲ್ಲಿ ಸಿಕ್ಕ ಕೆಲಸ.
ಹೊಳೆಯೂ ಸಣ್ಣದು, ಲೋಕಪಾವನಿ,
ಕರಿಘಟ್ಟದ ಬುಡದಲ್ಲಿ ಕಾವೇರಿ ಸೇರುವ ತನಕ
ಯಾರ ಜಗಳಕ್ಕೂ ಬಾರದ ನೀರು.

ರಿಜಿಸ್ಟರಿನಲ್ಲಿ ಐದು ಕಲಂ:
ತಾರೀಕು, ಅಡಿ, ಅಂಗುಲ, ಮಳೆ, ಷರಾ.
ನಾಲ್ಕು ತಾವಾಗಿ ತುಂಬುತ್ತವೆ.
ಐದನೆಯದರಲ್ಲಿ ಅಪ್ಪ
ಇಪ್ಪತ್ತೆರಡು ವರ್ಷ 'ಇಲ್ಲ' ಎಂದು ಬರೆದ,
'ಇಲ್ಲ'ದ ಕೆಳಗೆ ಎರಡೆರಡು ಗೀಟು,
ಪುಟದ ಕೊನೆವರೆಗೂ ಇರುವೆ ಸಾಲು.

ಅಪ್ಪನಿಗಿಂತ ಹಿಂದಿನವನು ಯಾರೋ.
ನನಗೆ ಗೊತ್ತಿರುವುದು ಅವನ ನೀಲಿ ಮಸಿ,
ಕೊಂಬು ಉದ್ದ ಎಳೆಯುವ ಕೈಬರಹ:
"ಮೃಗಶಿರೆ ಮಳೆ. ರಾತ್ರಿ ಹತ್ತುಮೀನು.
ಕಟ್ಟೆ ಮೇಲೆ ಕಾಲಿಡಲು ತೆರಪಿಲ್ಲ.
ಮೂರು ನೀರುನಾಯಿ, ಅದರಲ್ಲೊಂದು ಮರಿ.
ಅಳತೆ ತಡವಾಯಿತು, ಕ್ಷಮಿಸುವುದು."

ಆಮೇಲೆ ಕಟ್ಟೆಯನ್ನು ಮೂರಡಿ ಎತ್ತರಿಸಿದರು.
ಆಮೇಲೆ ಮರಳು ಹೋಯಿತು,
ಲಾರಿ ಲಾರಿ, ರಾತ್ರಿ, ದೀಪ ಆರಿಸಿಕೊಂಡು.
ಅದರ ಹಿಂದೆ ಮಡುವಿನ ತಳದ ಜಲ್ಲಿ.
ಗೆಂಡೆ ಮೊಟ್ಟೆ ಇಡುತ್ತಿದ್ದ ತಾವು
ಈಗ ಯಾರದೋ ಮಹಡಿ ಮನೆಯ ಗೋಡೆಯೊಳಗಿದೆ.
ಬಲೆಗೆ ಬೀಳುವುದು ಜಿಲೇಬಿ ಮೀನು,
ಯಾರೋ ತಂದು ಬಿಟ್ಟದ್ದು,
ಉಳಿದವುಗಳ ಮರಿ ತಿಂದು ಕೊಬ್ಬಿದ್ದು.

ಹೋದ ವರ್ಷ ಗಂಗೋತ್ರಿ ಕ್ಯಾಂಪಸ್ಸಿನಿಂದ ನಸೀಮ್ ತಾಜ್ ಬಂದಳು,
ಮೊಣಕಾಲುದ್ದ ರಬ್ಬರ್ ಬೂಟು,
ಕೈಯಲ್ಲಿ ಟೀ ಸೋಸುವಂಥ ಬಲೆ.
"ಮೀನಿಗೆ ಮೆಟ್ಟಿಲು ಕಟ್ಟೋಣ" ಅಂದಳು.
ಬೆಸ್ತರ ದೊಡ್ಡಂಕಯ್ಯ ಬೀಡಿ ಬಾಯಿಂದ ತೆಗೆದು ನಕ್ಕ:
"ಅಲ್ಲ ಕಣವ್ವ, ನಮ್ಮನೆ ಮಾಳ್ಗೇಗೇ ಮೆಟ್ಲಿಲ್ಲ,
ಮೀನ್ಗ್ಯಾಕವ್ವ ಮೆಟ್ಲು?"

ಮಾರನೆ ದಿನ ಅವನೇ ಬಂದು ತೋರಿಸಿದ,
ಸೆಳವು ಎಲ್ಲಿ ಎಡಕ್ಕೆ ವಾಲುತ್ತದೆ,
ಹತ್ತುವ ಮೀನು ಯಾವ ಕಲ್ಲಿನ ಮರೆಯಲ್ಲಿ
ಉಸಿರು ತೆಗೆದುಕೊಳ್ಳುತ್ತದೆ.
ಪ್ರಾಯದಲ್ಲಿ ಅಲ್ಲೇ ತೋಟೆ ಎಸೆದಿದ್ದನಂತೆ.
ಅದಕ್ಕೇ ಅಷ್ಟು ಚೆನ್ನಾಗಿ ಗೊತ್ತು.

ಏಳು ಮೆಟ್ಟಿಲು, ಕಾಡುಗಲ್ಲಿನವು.
ಮೆಟ್ಟಿಲಿಗೊಂದು ಗುಂಡಿ, ಹಂಡೆ ಮುಳುಗುವಷ್ಟು.
ಮಂಕರಿಯಲ್ಲಿ ಜಲ್ಲಿ ಹೊತ್ತು ತಂದು
ಹೊಳೆಯದನ್ನು ಹೊಳೆಗೆ ಸುರಿದೆವು.
ದಡಕ್ಕೆ ಹೊಳೆಮತ್ತಿ ಸಸಿ ನೂರು,
ಮೇಕೆ ಬಿಟ್ಟದ್ದು ಹದಿನೇಳು.
ಆ ಮುಂಗಾರು ಏನೂ ಬರಲಿಲ್ಲ.
"ಜಲ್ಲಿ ಒಳ್ಳೇದೈತೆ" ಅಂತ ಯಾರೋ
ಒಂದು ಟ್ರ್ಯಾಕ್ಟರಿನಷ್ಟು ಕದ್ದೊಯ್ದರು.
ಮತ್ತೆ ಹೊತ್ತೆವು.
ಷರಾ: ಇಲ್ಲ. ಗೀಟು. ಗೀಟು.

ನಿನ್ನೆ ರಾತ್ರಿ ಮೃಗಶಿರೆ ಸುರಿಯಿತು.
ನೀರು ಬೆಲ್ಲದ ಬಣ್ಣ, ಹಸಿ ಮಣ್ಣಿನ ವಾಸನೆ.
ಟಾರ್ಚು ಹಿಡಿದು ಕಟ್ಟೆಗೆ ಹೋದೆ,
ಯಾಕೆಂದು ಅವ್ವನಿಗೆ ಹೇಳಲಿಲ್ಲ.

ಮೂರನೇ ಮೆಟ್ಟಿಲಲ್ಲಿ ಒಂದು ಗೆಂಡೆ.
ನನ್ನ ಉಂಗುರದ ಬೆರಳಿನಷ್ಟು ಉದ್ದ.
ಕಲ್ಲಿನ ಮರೆಯಲ್ಲಿ ನಿಂತಿತ್ತು,
ಬಾಲ ಮಾತ್ರ ಆಡುತ್ತಿತ್ತು,
ಬಸ್ಸಿಗೆ ಕಾಯುವವರ ಕಾಲಿನ ಹಾಗೆ.
ನೆಗೆಯಿತು. ಜಾರಿತು. ಎರಡಕ್ಕೆ ಬಿತ್ತು.
ಮತ್ತೆ ಮೂರಕ್ಕೆ ಬಂದು
ಅದೇ ಕಲ್ಲಿನ ಮರೆ ಹಿಡಿಯಿತು.
ದೊಡ್ಡಂಕಯ್ಯ ಹೇಳಿದ್ದ ಕಲ್ಲು.
ನಾಲ್ಕು.
ಅಷ್ಟರಲ್ಲಿ ಟಾರ್ಚಿನ ಸೆಲ್ಲು ಮುಗಿಯಿತು.
ಕತ್ತಲಲ್ಲಿ ಕೂತೆ.
ಮಳೆಯ ನಡುವೆ ಒದ್ದೆ ಬಟ್ಟೆ ಒಗೆದಂಥ
ಪುಟ್ಟ ಸದ್ದು, ಮೇಲೆಲ್ಲೋ.
ತುಂಬಾ ಹೊತ್ತಾದ ಮೇಲೆ ಇನ್ನೊಂದು.

ಇವತ್ತು ಎದ್ದಾಗ ಏಳೂವರೆ.
ಒಂದಡಿ ಹನ್ನೊಂದಂಗುಲ. ಮಳೆ ಭಾರಿ.
ಷರಾ: ರಾತ್ರಿ ಹತ್ತುಮೀನು. ಗೆಂಡೆ, ಒಂದು.
ನಾಲ್ಕನೇ ಮೆಟ್ಟಿಲ ತನಕ ಕಂಡಿದೆ,
ಆಮೇಲೆ ಸದ್ದು ಮಾತ್ರ.
ಅಳತೆ ತಡವಾಯಿತು.

ಕ್ಷಮಿಸುವುದು ಎಂದು ಬರೆಯಲಿಲ್ಲ.